ಕೊಟ್ಟೂರಿನ ಅಕ್ಷಾಂಶ, ಕಾರವಾರದ ಕಡಲು

2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ಹೊಸಹಳ್ಳಿ, ಕೂಡ್ಲಿಗಿ, ಕೊಟ್ಟೂರು ಸೀಮೆಗೂ ಅರಬ್ಬೀ ಸಮುದ್ರದ ದಂಡೆಯ ಕಾರವಾರಕ್ಕೂ ಭೂಗೋಳದ ಲೆಕ್ಕದಲ್ಲಿ ಒಂದು ನಂಟಿದೆ. ಎರಡೂ ಸಮಭಾಜಕ ವೃತ್ತದಿಂದ ಉತ್ತರಕ್ಕೆ 15 ಡಿಗ್ರಿಗೆ ತುಸು ಕಡಿಮೆ ಅಕ್ಷಾಂಶದಲ್ಲಿವೆ. ಕೊಟ್ಟೂರಿನಿಂದ ನೇರ ಪಶ್ಚಿಮಕ್ಕೆ ಗೆರೆ ಎಳೆದರೆ ಅದು ಸುಮಾರು 225 ಕಿ.ಮೀ. ದೂರದಲ್ಲಿ ಕಾರವಾರದ ಬಳಿ ಕಡಲನ್ನು ಮುಟ್ಟುತ್ತದೆ. ಆದರೂ ಮಳೆನೆರಳಿನ ಈ ಒಣಸೀಮೆಯ ಯುವಕನೊಬ್ಬನೋ ಯುವತಿಯೊಬ್ಬಳೋ ಹಾಯಿದೋಣಿಯಲ್ಲಿ ಸಾಗರ ದಾಟುವ ಆಸೆಯನ್ನು ಬಾಯಿಬಿಟ್ಟು ಹೇಳಿದರೆ, ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಖರ್ಚಿನ ಮಾತೆತ್ತುತ್ತಾರೆ. ದೂರದ ಹಾಯಿಯಾನವೆಂದರೆ ಸಿರಿವಂತರ ಆಟ ಎಂಬ ನಂಬಿಕೆ ಅಷ್ಟು ಬಲವಾಗಿದೆ. ಚರಿತ್ರೆಯನ್ನು ನೋಡಿದರೆ ಈ ನಂಬಿಕೆ ತೀರ ಇತ್ತೀಚಿನದು. ಕರ್ನಾಟಕದ ಕಡಲಿನಲ್ಲಿ ಹಾಯಿ ಏರಿಸಿ ದೂರ ಹೋದವರಲ್ಲಿ ಹೆಚ್ಚಿನವರು ಹೊಟ್ಟೆಪಾಡಿನ ಜನ.

ವಿಜಯನಗರದ ಅರಸರ ಕುದುರೆಗಳು ಅರೇಬಿಯಾ ಮತ್ತು ಹೋರ್ಮುಜ್‌ಗಳಿಂದ ಹಾಯಿಹಡಗುಗಳಲ್ಲಿ ಭಟ್ಕಳ, ಹೊನ್ನಾವರದಂತಹ ಬಂದರುಗಳಿಗೆ ಬಂದು, ಅಲ್ಲಿಂದ ಘಟ್ಟ ಹತ್ತಿ ರಾಜಧಾನಿಗೆ ಸೇರುತ್ತಿದ್ದವು. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಹೋರ್ಮುಜ್‌ನಲ್ಲಿ ಗಾಳಿಯ ಕಾಲ ತಪ್ಪಿದ್ದರಿಂದ ಪಟ್ಟ ಪಾಡನ್ನು ಬರೆದಿಟ್ಟಿದ್ದಾನೆ. ಹಿಂತಿರುಗುವಾಗ ಅವನು 1444ರ ಆರಂಭದಲ್ಲಿ, ಭೂಮಿಯ ಕಡೆಯಿಂದ ಕಡಲಿಗೆ ಗಾಳಿ ಬೀಸುವ ಹೊತ್ತಿಗೆ, ಹೊನ್ನಾವರದಿಂದ ಹಡಗು ಹತ್ತಿದ. ಅರಬ್ಬೀ ಸಮುದ್ರದ ಹಾಯಿಯಾನದ ಪಂಚಾಂಗವೆಲ್ಲ ಇದರಲ್ಲೇ ಅಡಗಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದಿಂದ ಬರುವ ಮುಂಗಾರು ಗಾಳಿ ಕಡಲನ್ನು ಕೆರಳಿಸಿ ಕರಾವಳಿಯ ಸಣ್ಣ ಬಂದರುಗಳನ್ನು ಮುಚ್ಚಿಸುತ್ತದೆ; ನವೆಂಬರ್‌ನಿಂದ ಫೆಬ್ರವರಿವರೆಗೆ ಈಶಾನ್ಯದಿಂದ ಬೀಸುವ ಸೌಮ್ಯವಾದ ಗಾಳಿ ಹಡಗನ್ನು ಪಶ್ಚಿಮಕ್ಕೆ ಒಯ್ಯುತ್ತದೆ. ಹರಪನಹಳ್ಳಿ, ಕೂಡ್ಲಿಗಿಗಳ ಗುಡ್ಡಗಳ ಮೇಲೆ ಇಂದು ವಿದ್ಯುತ್ ತಯಾರಿಸುವ ಗಾಳಿಯಂತ್ರಗಳನ್ನು ತಿರುಗಿಸುವುದು, ಘಟ್ಟದ ಮೇಲೆ ಮಳೆ ಸುರಿಸಿ ಬರಿದಾಗಿ ಬಂದ ಅದೇ ಮುಂಗಾರು ಗಾಳಿ.

ಯಂತ್ರ ಬರುವ ಮೊದಲು ಕರಾವಳಿಯ ಸರಕು ಸಾಗಿದ್ದು ಮಂಜಿ, ಮಚವೆ, ಪತ್ತೆಮಾರಿ ಮುಂತಾದ ಮರದ ಹಾಯಿಹಡಗುಗಳಲ್ಲಿ. ಅವುಗಳ ನಾಯಕನನ್ನು ತಂಡೇಲ ಎಂದೂ ಆಳುಗಳನ್ನು ಕಲಾಸಿಗಳೆಂದೂ ಕರೆಯುತ್ತಿದ್ದರು. 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿದ್ದ, ಈಗ ಲಕ್ಷದ್ವೀಪದಲ್ಲಿರುವ ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾತ್, ಬಿತ್ರಾ ದ್ವೀಪಗಳ ಜನ ತೆಂಗಿನ ನಾರು ಮತ್ತು ಕೊಬ್ಬರಿಯನ್ನು ಹಾಯಿದೋಣಿಗಳಲ್ಲಿ ಮಂಗಳೂರಿಗೆ ತಂದು, ಅಕ್ಕಿ ಕೊಂಡು ಮರಳುತ್ತಿದ್ದರು. ಅಮಿನಿಯಿಂದ ಮಂಗಳೂರಿಗೆ ಸುಮಾರು 300 ಕಿ.ಮೀ. ತೆರೆದ ಸಮುದ್ರ. ಇಂದೂ ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳಿವೆ, ಆದರೆ ಅವು ಎಂಜಿನ್ನಿನ ಮಂಜಿಗಳು. ಹಾಯಿಯನ್ನೇ ನಂಬಿದ ಹಳೆಯ ಬಗೆಯ ಹಡಗು ಮತ್ತೆ ಕಾಣಿಸಿದ್ದು 2025ರ ಮೇ 21ರಂದು, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ‘ಕೌಂಡಿನ್ಯ’ ಕಾರವಾರದ ನೌಕಾನೆಲೆಯಲ್ಲಿ ನೌಕಾಪಡೆಗೆ ಸೇರಿದಾಗ. ಅದರ ಹಾಯಿಯ ಮೇಲೆ ಕರ್ನಾಟಕಕ್ಕೆ ಚಿರಪರಿಚಿತವಾದ ಗಂಡಭೇರುಂಡವಿದೆ. ಆ ಹಡಗು 2025ರ ಡಿಸೆಂಬರ್ 29ರಂದು ಪೋರಬಂದರಿನಿಂದ ಮಸ್ಕತ್ ಕಡೆಗೆ ಹೊರಟಿತು. ತಿಂಗಳನ್ನು ಗಮನಿಸಿದರೆ ಹಳೆಯ ಪಂಚಾಂಗ ಇನ್ನೂ ಚಾಲ್ತಿಯಲ್ಲಿರುವುದು ತಿಳಿಯುತ್ತದೆ.

ಹಾಯಿಯ ಕೆಲಸವನ್ನು ಒಳನಾಡಿನ ಓದುಗರು ತುಂಗಭದ್ರೆಯ ಹರಿಗೋಲಿನೊಂದಿಗೆ ಹೋಲಿಸಿ ಅರಿಯಬಹುದು. 1520ರ ಸುಮಾರಿಗೆ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ವಿಜಯನಗರದಲ್ಲಿ ನೋಡಿ ವರ್ಣಿಸಿದ, ಬೆತ್ತ ಹೆಣೆದು ಚರ್ಮ ಹೊದಿಸಿದ ಬುಟ್ಟಿಯಾಕಾರದ ದೋಣಿಗಳು ಹದಿನೈದು ಇಪ್ಪತ್ತು ಜನರನ್ನು, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತಿದ್ದವು. ಆದರೆ ಹರಿಗೋಲಿಗೆ ಹಾಯಿ ಕಟ್ಟಿ ಪ್ರಯೋಜನವಿಲ್ಲ, ಏಕೆಂದರೆ ದುಂಡು ತಳದ ಅದು ಗಾಳಿ ತಳ್ಳಿದತ್ತ ಸುತ್ತುತ್ತ ಹೋಗುತ್ತದೆ. ಹಾಯಿದೋಣಿಯ ತಳದುದ್ದಕ್ಕೂ ನೀರಿನೊಳಕ್ಕೆ ಇಳಿದಿರುವ ಕೀಲ್ ಎಂಬ ಭಾಗವು ದೋಣಿ ಅಡ್ಡಕ್ಕೆ ಸರಿಯದಂತೆ ತಡೆಯುತ್ತದೆ; ಕೂವೆಮರಕ್ಕೆ ಕಟ್ಟಿದ ಹಾಯಿ ಉಬ್ಬಿ ಬಾಗಿದಾಗ ಅದರ ಎರಡು ಬದಿಗಳಲ್ಲಿ ಗಾಳಿಯ ಒತ್ತಡ ಬೇರೆಯಾಗಿ ಎಳೆತ ಹುಟ್ಟುತ್ತದೆ; ಈ ಎಳೆತ ಮತ್ತು ಆ ತಡೆ ಸೇರಿ ದೋಣಿಯನ್ನು ಮುಂದಕ್ಕೆ ನೂಕುತ್ತವೆ. ಗಾಳಿ ಬರುವ ದಿಕ್ಕಿಗೆ ನೇರವಾಗಿ ಹೋಗಲು ಯಾವ ಹಾಯಿದೋಣಿಗೂ ಆಗದು. ಆದರೆ ಸುಮಾರು 45 ಡಿಗ್ರಿ ಓರೆಯಾಗಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೊರಳುತ್ತ ಎದುರುಗಾಳಿಯಲ್ಲೂ ಮುಂದುವರಿಯಬಹುದು. ಈ ಹೊರಳಿಕೆಯನ್ನು ಕಲಿಯಲು ಒಬ್ಬರೇ ಕೂರುವ ಪುಟ್ಟ ದೋಣಿ ಸಾಕು. ಹದಿನೈದು ವರ್ಷದೊಳಗಿನ ಮಕ್ಕಳಿಗಾಗಿ ಇರುವ ಆಪ್ಟಿಮಿಸ್ಟ್ ಮಾದರಿಯ ಉದ್ದ ಕೇವಲ 2.3 ಮೀಟರ್.

ಇನ್ನು ಹಣದ ವಿಚಾರ. ಒಬ್ಬಂಟಿಯಾಗಿ ಲೋಕವನ್ನು ಸುತ್ತಿದ ಮೊದಲಿಗ ಜೋಶುವಾ ಸ್ಲೋಕಮ್‌ಗೆ ಗೆಳೆಯನೊಬ್ಬ ಕೊಟ್ಟದ್ದು ಹೊಲದಲ್ಲಿ ಬಿದ್ದು ಹಾಳಾಗಿದ್ದ ‘ಸ್ಪ್ರೇ’ ಎಂಬ ದೋಣಿ. ಅದನ್ನು ಅವನು 13 ತಿಂಗಳು ದುಡಿದು, ಸಾಮಗ್ರಿಗೆ 553 ಡಾಲರ್ 62 ಸೆಂಟ್ ತೆತ್ತು, ಹೊಸದಾಗಿ ಕಟ್ಟಿಕೊಂಡು 1895ರಿಂದ 1898ರವರೆಗೆ ಪ್ರಪಂಚ ಸುತ್ತಿದ. ಎಲ್ಲಿಯೂ ನಿಲ್ಲದೆ ಒಬ್ಬಂಟಿಯಾಗಿ ಸುತ್ತಿದ ಮೊದಲಿಗ, ಇಂಗ್ಲೆಂಡಿನ ರಾಬಿನ್ ನಾಕ್ಸ್-ಜಾನ್‌ಸ್ಟನ್‌ನ 32 ಅಡಿಯ ‘ಸುಹೇಲಿ’ ಬೊಂಬಾಯಿಯಲ್ಲಿ ಭಾರತದ ತೇಗದಿಂದ ಕಟ್ಟಿದ್ದು. ಅದನ್ನು ಇಂಗ್ಲೆಂಡಿಗೆ ಒಯ್ಯುವ ದಾರಿಯಲ್ಲಿ ಹಣ ಸಾಲದೆ ಅವನು ದಕ್ಷಿಣ ಆಫ್ರಿಕಾದಲ್ಲಿ ನಿಂತು ದುಡಿಯಬೇಕಾಯಿತು. ಒಬ್ಬಂಟಿಯಾಗಿ ಲೋಕ ಸುತ್ತುವ 1968ರ ಸ್ಪರ್ಧೆಗೆ ದೊಡ್ಡ ದೋಣಿ ಕಟ್ಟಿಸಲು ಹಣ ಹುಟ್ಟದಿದ್ದಾಗ ಹಳೆಯ ಸುಹೇಲಿಯಲ್ಲೇ ಹೊರಟ. ಹೊರಟ ಒಂಬತ್ತು ಜನರಲ್ಲಿ ಗುರಿ ಮುಟ್ಟಿದವನು ಅವನೊಬ್ಬನೇ. ಲಿನ್ ಮತ್ತು ಲ್ಯಾರಿ ಪಾರ್ಡಿ ದಂಪತಿ ಕೈಯಾರೆ ಕಟ್ಟಿ 1968ರಲ್ಲಿ ನೀರಿಗಿಳಿಸಿದ 24 ಅಡಿಯ ‘ಸೆರಾಫಿನ್’ಗೆ ಎಂಜಿನ್ ಇರಲಿಲ್ಲ; ದಾರಿಯ ಬಂದರುಗಳಲ್ಲಿ ಬೇರೆಯವರ ದೋಣಿ ರಿಪೇರಿ ಮಾಡಿ, ಕೂಲಿಗೆ ದೋಣಿ ತಲುಪಿಸಿ, ಹನ್ನೊಂದು ವರ್ಷಗಳಲ್ಲಿ ಅವರು ಲೋಕವನ್ನು ಸುತ್ತಿ ಮುಗಿಸಿದರು. ಈ ಮೂರು ಉದಾಹರಣೆಗಳಿಂದ ಹೊರಡುವ ತೀರ್ಮಾನ ಸರಳ: ಹಣ ಕಡಿಮೆಯಾದಷ್ಟೂ ಕಾಲ ಮತ್ತು ಕೈಕಸುಬು ಹೆಚ್ಚು ಬೇಕು. ಕೊಂಡ ಬೆಲೆ ಒಮ್ಮೆಯ ಖರ್ಚು. ಬಿಸಿಲಿಗೆ ಹರಿಯುವ ಹಾಯಿ, ತಳಕ್ಕೆ ಅಂಟುವ ಚಿಪ್ಪುಜೀವಿಗಳನ್ನು ತಡೆಯುವ ಬಣ್ಣ, ಸವೆಯುವ ತಂತಿ ಹಗ್ಗ, ಬಂದರಿನ ಬಾಡಿಗೆ ಇವು ವರ್ಷ ವರ್ಷವೂ ಬರುವ ಖರ್ಚುಗಳು. ಅಗ್ಗದ ದೋಣಿ ಕೊಂಡು ಈ ಖರ್ಚಿಗೆ ಸೋತು, ದೋಣಿಯನ್ನು ದಡದಲ್ಲೇ ಕೊಳೆಯಲು ಬಿಡುವುದಕ್ಕಿಂತ ದೋಣಿ ಕೊಳ್ಳದಿರುವುದೇ ಲೇಸು.

ಭಾರತದಲ್ಲಿ ಹೆಸರು ಮಾಡಿದ ದೂರಯಾನಗಳ ಬಹುಪಾಲು ಖರ್ಚನ್ನು ಸೇನೆ ಹೊತ್ತಿದೆ. ಭೂಸೇನೆಯ ಎಂಜಿನಿಯರುಗಳು ‘ತೃಷ್ಣಾ’ ಎಂಬ 37 ಅಡಿಯ ದೋಣಿಯಲ್ಲಿ 1985ರಿಂದ 1987ರವರೆಗೆ ಲೋಕ ಸುತ್ತಿದರು. ನೌಕಾಪಡೆಯ ದಿಲೀಪ್ ದೊಂಡೆ ಗೋವಾದಲ್ಲಿ ಕಟ್ಟಿದ ‘ಮಾದೇಯಿ’ಯಲ್ಲಿ 2009–10ರಲ್ಲಿ ನಾಲ್ಕು ಕಡೆ ನಿಂತು, ಅಭಿಲಾಷ್ ಟಾಮಿ 2012–13ರಲ್ಲಿ ಅದೇ ದೋಣಿಯಲ್ಲಿ ಎಲ್ಲೂ ನಿಲ್ಲದೆ ಒಬ್ಬಂಟಿಯಾಗಿ ಸುತ್ತಿದರು; 2017–18ರಲ್ಲಿ ವರ್ತಿಕಾ ಜೋಶಿ ನೇತೃತ್ವದ ಆರು ಮಹಿಳಾ ಅಧಿಕಾರಿಗಳು, 2024ರ ಅಕ್ಟೋಬರ್‌ನಿಂದ 2025ರ ಮೇವರೆಗೆ ದಿಲ್ನಾ ಮತ್ತು ರೂಪಾ ಎಂಬ ಇಬ್ಬರೇ ಅಧಿಕಾರಿಗಳು ‘ತಾರಿಣಿ’ಯಲ್ಲಿ ಸುತ್ತಿ ಬಂದರು. ಕೂಡ್ಲಿಗಿ, ಹಡಗಲಿ ಕಡೆಯ ಯುವಜನರಿಗೆ ಸೇನೆಯ ನೇಮಕಾತಿ ಹೊಸ ಸುದ್ದಿಯಲ್ಲ. ಅದೇ ಬಾಗಿಲಿನ ಹಿಂದೆ ಹಾಯಿಯೂ ಇದೆ ಎಂಬುದನ್ನು ಮಾತ್ರ ಅವರಿಗೆ ಯಾರೂ ಹೇಳಿರುವುದಿಲ್ಲ. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್ ಹಲಸೂರು ಕೆರೆಯಲ್ಲಿ ಹಾಯಿದೋಣಿ ನಡೆಸುತ್ತದೆ. ಎನ್‌ಸಿಸಿಯ ನೌಕಾ ವಿಭಾಗ ಕಾಲೇಜು ವಿದ್ಯಾರ್ಥಿಗಳಿಗೆ ಹುಟ್ಟು ಹಾಕುವುದನ್ನೂ ಹಾಯಿ ಕಟ್ಟುವುದನ್ನೂ ಕಲಿಸುತ್ತದೆ. ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ರಾಯಲ್ ಮೈಸೂರು ಸೇಲಿಂಗ್ ಕ್ಲಬ್ ಇದೆ. ಕಲಿತ ಮೇಲೆ ಬೇರೆಯವರ ದೋಣಿಯಲ್ಲಿ ರಾತ್ರಿ ಪಾಳಿ ಕಾಯುವ, ಅಡುಗೆ ಮಾಡುವ, ಹಾಯಿ ಹೊಲಿಯುವ ಆಳಾಗಿ ಸೇರಿ ಊಟ ವಸತಿಗೆ ಬದಲಾಗಿ ದೂರಯಾನ ಮಾಡುವ ಪದ್ಧತಿ ಲೋಕದಲ್ಲೆಲ್ಲ ಇದೆ.

ಕಡಲು ಕಾಣುವ ಮೊದಲೇ ಹೊಸಹಳ್ಳಿಯಲ್ಲಿ ಕಲಿಯಬಹುದಾದದ್ದೂ ಕಡಿಮೆಯಿಲ್ಲ. ಧ್ರುವ ನಕ್ಷತ್ರವು ದಿಗಂತದಿಂದ ಎಷ್ಟು ಡಿಗ್ರಿ ಎತ್ತರದಲ್ಲಿ ಕಾಣುತ್ತದೆಯೋ ನೋಡುವವನ ಅಕ್ಷಾಂಶ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಚಾಚಿದ ತೋಳಿನ ತುದಿಯ ಮುಷ್ಟಿ ಸುಮಾರು 10 ಡಿಗ್ರಿಯನ್ನು ಮರೆಮಾಡುವುದರಿಂದ, ಕೊಟ್ಟೂರಿನ ಬಯಲಿನಲ್ಲಿ ನಿಂತವರಿಗೆ ಆ ನಕ್ಷತ್ರ ಉತ್ತರದಲ್ಲಿ ಒಂದೂವರೆ ಮುಷ್ಟಿಯ ಎತ್ತರದಲ್ಲಿ ಸಿಗುತ್ತದೆ. ಅರಬ್ಬೀ ಸಮುದ್ರದ ನಾವಿಕರು ಇದೇ ಅಳತೆಗೆ ಕಮಾಲ್ ಎಂಬ ಸಾಧನ ಬಳಸುತ್ತಿದ್ದರು: ಒಂದು ಮರದ ಬಿಲ್ಲೆ, ಅದರ ನಡುವಿನಿಂದ ಹೊರಟ ಗಂಟುಗಳ ದಾರ. ದಾರವನ್ನು ಹಲ್ಲಿನಲ್ಲಿ ಕಚ್ಚಿ, ಬಿಲ್ಲೆಯ ಕೆಳ ಅಂಚು ದಿಗಂತಕ್ಕೂ ಮೇಲಂಚು ನಕ್ಷತ್ರಕ್ಕೂ ತಾಗುವಂತೆ ಹಿಡಿದರೆ ಗಂಟು ಬಂದರಿನ ಅಕ್ಷಾಂಶ ಹೇಳುತ್ತಿತ್ತು. ಒಂದು ಡಿಗ್ರಿಯ ತಪ್ಪು ಎಂದರೆ 60 ನಾಟಿಕಲ್ ಮೈಲಿ, ಅಂದರೆ ಸುಮಾರು 111 ಕಿ.ಮೀ.; ಆದ್ದರಿಂದ ಅಭ್ಯಾಸ ಬೇಕು, ಆದರೆ ಅಭ್ಯಾಸಕ್ಕೆ ಕಾಸು ಬೇಡ. ಆಹಾರದ ವಿಷಯದಲ್ಲಂತೂ ಈ ಸೀಮೆ ಮುಂದಿದೆ. ಫ್ರಿಜ್ ಇಲ್ಲದ ಸಣ್ಣ ದೋಣಿಗೆ ವಾರಗಟ್ಟಲೆ ಕೆಡದ ಖಡಕ್ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿಗಳಿಗಿಂತ ಒಳ್ಳೆಯ ಬುತ್ತಿ ಸಿಗುವುದು ಕಷ್ಟ. ದಿನಕ್ಕೆ ತಲಾ ಮೂರು ನಾಲ್ಕು ಲೀಟರ್ ಸಿಹಿನೀರಿನಲ್ಲಿ ಕುಡಿಯುವುದನ್ನೂ ಅಡುಗೆಯನ್ನೂ ಮುಗಿಸಬೇಕಾದ ಕಟ್ಟಳೆಯೂ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ಮನೆಗಳಿಗೆ ಅಪರಿಚಿತವಲ್ಲ.

ಉಳಿತಾಯ ಮಾಡಬಾರದ ಬಾಬತ್ತೂ ಇದೆ. 2018ರ ಗೋಲ್ಡನ್ ಗ್ಲೋಬ್ ಎಂಬ ಒಬ್ಬಂಟಿ ಲೋಕಯಾನದ ಸ್ಪರ್ಧೆಯಲ್ಲಿ ಹಿಂದೂ ಮಹಾಸಾಗರದ ದಕ್ಷಿಣ ಭಾಗದ ಬಿರುಗಾಳಿಗೆ ಸಿಕ್ಕಿ ಅಭಿಲಾಷ್ ಟಾಮಿಯವರ ‘ತುರೀಯ’ದ ಕೂವೆಮರ ಮುರಿದು ಬೆನ್ನಿಗೆ ತೀವ್ರ ಪೆಟ್ಟಾದಾಗ, ಅವರ ಜೀವ ಉಳಿದದ್ದು ಉಪಗ್ರಹದ ಮೂಲಕ ಸಂದೇಶ ಕಳಿಸಲು ಸಾಧ್ಯವಾದದ್ದರಿಂದ ಮತ್ತು ಫ್ರಾನ್ಸಿನ ಹಡಗೊಂದು ಅಲ್ಲಿಗೆ ತಲುಪಿದ್ದರಿಂದ. ಅದೇ ನಾವಿಕ 2023ರ ಏಪ್ರಿಲ್‌ನಲ್ಲಿ ಅದೇ ಸ್ಪರ್ಧೆಯ ಮುಂದಿನ ಆವೃತ್ತಿಯನ್ನು ಎರಡನೆಯವರಾಗಿ ಮುಗಿಸಿದರು. ಜೀವರಕ್ಷಕ ಜಾಕೆಟ್, ಎದೆಗೆ ಕಟ್ಟುವ ಸುರಕ್ಷಾ ಪಟ್ಟಿ, ಅಪಾಯದ ಸೂಚನೆ ಕಳಿಸುವ ರೇಡಿಯೊ ಇವುಗಳನ್ನು ಹಳೆಯದರಲ್ಲೋ ಅಗ್ಗದಲ್ಲೋ ಕೊಳ್ಳುವುದು ತರವಲ್ಲ. ಈಜು ಬಾರದವರು ಮೊದಲು ಅದನ್ನು ಕಲಿಯಬೇಕು.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಚಿನವರೆಗೆ ಹಬ್ಬಿರುವ ತುಂಗಭದ್ರಾ ಜಲಾಶಯ ತುಂಬಿದಾಗ ಸುಮಾರು 378 ಚದರ ಕಿ.ಮೀ. ವಿಸ್ತಾರದ ನೀರಾಗುತ್ತದೆ. ಪುಟ್ಟ ಹಾಯಿದೋಣಿಯಲ್ಲಿ ಹೊರಳಿಕೆ ಕಲಿಯಲು ಇಷ್ಟು ತೆರೆದ ನೀರು, ಇಷ್ಟು ಗಾಳಿ ಒಟ್ಟಿಗೆ ಸಿಗುವ ತಾಣ ಒಳನಾಡಿನಲ್ಲಿ ವಿರಳ. ಮುಂಗಾರಿನಲ್ಲಿ ತುಂಬುವ ಜಲಾಶಯ ಬೇಸಿಗೆಯ ಹೊತ್ತಿಗೆ ಬಹಳ ಇಳಿದು ದಂಡೆಗಳು ಕೆಸರಾಗುವುದರಿಂದ, ಕಲಿಕೆಗೆ ಒದಗುವ ಕಾಲ ಹೆಚ್ಚೆಂದರೆ ಆಗಸ್ಟ್‌ನಿಂದ ಜನವರಿವರೆಗೆ. ಅದರಲ್ಲೂ ನದಿ ಉಕ್ಕಿ ಬರುವ, ಕ್ರಸ್ಟ್‌ಗೇಟುಗಳು ತೆರೆದಿರುವ ದಿನಗಳಲ್ಲಿ ಅಣೆಕಟ್ಟೆಯ ಕಡೆ ಹೋಗುವಂತಿಲ್ಲ. ಅಣೆಕಟ್ಟೆಯ ಆಡಳಿತ ತುಂಗಭದ್ರಾ ಮಂಡಳಿಯ ಕೈಯಲ್ಲಿರುವುದರಿಂದ ದೋಣಿ ಇಳಿಸುವವರು ಮೊದಲು ಅದರ ಒಪ್ಪಿಗೆ ಪಡೆಯಬೇಕು, ಮತ್ತು ಅಲ್ಲಿ ಬಲೆ ಬೀಸುವ ಮೀನುಗಾರರನ್ನು ಕೇಳಿ ನೀರಿನಡಿಯಲ್ಲಿ ಮುಳುಗಿರುವ ಗುಡ್ಡ, ಮರಗಳೆಲ್ಲಿವೆ ಎಂದು ತಿಳಿದುಕೊಳ್ಳಬೇಕು.