ಕೌದಿ, ಕವಂದಿ ಮತ್ತು ಮನೆತನದ ನೆನಪು

ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗಗಳಲ್ಲಿ ಕೌದಿಯನ್ನು ಅರಿಯದ ಮನೆ ಇಲ್ಲ. ಹರಿದ ಇಲಕಲ್ಲ ಸೀರೆ, ಸವೆದ ಧೋತರ, ಮಕ್ಕಳಿಗೆ ಗಿಡ್ಡವಾದ ಅಂಗಿ ಇವುಗಳ ತುಂಡುಗಳನ್ನು ಪದರು ಪದರಾಗಿ ಹಾಸಿ, ಒತ್ತೊತ್ತಾಗಿ ಎಳೆ ಹಾಕಿ ಹೊಲಿದ ಈ ಹೊದಿಕೆಯನ್ನು ನಾವು ಚಳಿಗಾಲದ ಉಪಯೋಗಕ್ಕೆಂದು ಮಡಚಿಟ್ಟಿದ್ದೇವೆಯೇ ಹೊರತು ಚಿತ್ರವೆಂದು ಬಿಡಿಸಿ ನೋಡಿದವರು ವಿರಳ. ನಮ್ಮ ನಾಡಿನಲ್ಲಿಯೇ ಆಫ್ರಿಕಾ ಮೂಲದ ಒಂದು ಸಮುದಾಯದ ಹೆಣ್ಣುಮಕ್ಕಳು ಇದೇ ಬಗೆಯ ಹೊದಿಕೆಯಲ್ಲಿ ತಮ್ಮ ಮನೆತನದ ಚಿತ್ರವನ್ನು ಉಳಿಸಿಕೊಂಡು ಬಂದಿದ್ದಾರೆ. ಅವರು ಉತ್ತರ ಕನ್ನಡದ ಸಿದ್ದಿಯರು. ಅವರ ಹೊದಿಕೆಯ ಹೆಸರು ಕವಂದಿ.

ಆಫ್ರಿಕಾ ನಮಗೆ ದೂರದ್ದೆಂದು ತೋರಬಹುದು. ಕೃಷ್ಣಾ ತುಂಗಭದ್ರೆಯರ ನಡುವಿನ ಈ ದೋಆಬಿಗೆ ಅದು ಅಷ್ಟು ಅಪರಿಚಿತವಲ್ಲ. ಬಹಮನಿ ಹಾಗೂ ಆದಿಲಶಾಹಿ ಆಳಿಕೆಗಳಲ್ಲಿ ಹಬಶಿಗಳೆಂದು ಕರೆಯಿಸಿಕೊಂಡ ಆಫ್ರಿಕನ್ನರು ಗುಲಾಮರಾಗಿ ಬಂದು ಸೇನಾನಿಗಳೂ ಮಂತ್ರಿಗಳೂ ಆದರು. ತುಂಗಭದ್ರೆಯ ಆಚೆಯ ಆದವಾನಿಯನ್ನು ಆಳಿದ ಸಿದ್ದಿ ಮಸೂದಖಾನನು ಅಂಥವರಲ್ಲೊಬ್ಬ. ಮಂತ್ರಾಲಯದ ನೆಲವನ್ನು ರಾಘವೇಂದ್ರ ಸ್ವಾಮಿಗಳಿಗೆ ಬಿಟ್ಟುಕೊಟ್ಟವನು ಇವನೇ ಎಂಬ ಪ್ರತೀತಿ ನಮ್ಮ ಭಾಗದಲ್ಲಿ ಮನೆಮಾತಾಗಿದೆ. ವಿಜಾಪುರದ ಮುಹಮ್ಮದ್ ಆದಿಲಶಹನ (1627–1656) ಮಂತ್ರಿಯಾಗಿದ್ದ ಇಖ್ಲಾಸಖಾನನೂ ಹಬಶಿಯೇ. ಸುಲ್ತಾನನೂ ಅವನೂ ಒಂದೇ ಆನೆಯ ಮೇಲೆ ಕುಳಿತಿರುವ, ಸುಮಾರು 1645ರ ಚಿತ್ರವೊಂದನ್ನು ಹೈದರ ಅಲಿ ಮತ್ತು ಇಬ್ರಾಹಿಂಖಾನ್ ಎಂಬ ಕಲಾವಿದರು ರಚಿಸಿದ್ದಾರೆ. ಅದರಲ್ಲಿ ಆಫ್ರಿಕಾದ ಮುಖವುಂಟು. ಆದರೆ ಕುಂಚ ಆಸ್ಥಾನದ್ದು. ಅರಮನೆಯ ಹೊರಗುಳಿದವರ ಚಿತ್ರವನ್ನು ಬರೆಯುವವರಾರು?

ಪೋರ್ತುಗೀಸರು ಮೊಜಾಂಬಿಕ ಮೊದಲಾದ ಪೂರ್ವ ಆಫ್ರಿಕಾದ ತೀರಗಳಿಂದ ಗೋವೆಗೆ ತಂದ ಗುಲಾಮರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡುಗಳನ್ನು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಸೀಮೆಗಳಲ್ಲಿ ಇಂದು ಇರುವ ಸಿದ್ದಿಗಳಲ್ಲಿ ಅವರ ವಂಶಜರು ಬಹಳ. ಹಿಂದೂ, ಕ್ರೈಸ್ತ, ಮುಸಲ್ಮಾನ ಎಂಬ ಮೂರು ಮತಗಳಲ್ಲಿ ಹಂಚಿಹೋದರೂ ಹಿರಿಯರ ಪೂಜೆ, ಡಮಾಮಿ ವಾದ್ಯದ ಕುಣಿತ ಅವರನ್ನು ಒಂದುಗೂಡಿಸುತ್ತವೆ. 2003ರಲ್ಲಿ ಇವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು.

ಕವಂದಿಯನ್ನು ಹೊಲಿಯುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕೆಳಗೆ ಒಂದು ಹಳೆಯ ಸೀರೆಯನ್ನು ಹಾಸುತ್ತಾರೆ. ಮೇಲೆ ತುಂಡುಗಳನ್ನು ಒಂದು ಮೂಲೆಯಿಂದ ಇಡುತ್ತ, ಅಂಚಿನಗುಂಟ ಸುತ್ತುತ್ತ, ಎಳೆಯ ಸಾಲುಗಳನ್ನು ನಡುವಿನ ಕಡೆಗೆ ಒಯ್ಯುತ್ತಾರೆ. ಮೊದಲೇ ಬರೆದಿಟ್ಟ ನಕ್ಷೆಯಿಲ್ಲ; ಕೈಗೆ ಸಿಕ್ಕ ಬಣ್ಣಕ್ಕೆ ಮುಂದಿನ ಬಣ್ಣ ಉತ್ತರ ಕೊಡುತ್ತದೆ. ಕ್ರೈಸ್ತ ಮನೆಯ ಕವಂದಿಯಲ್ಲಿ ಶಿಲುಬೆ, ಮುಸಲ್ಮಾನರದರಲ್ಲಿ ಚಂದ್ರಕಲೆ ಮೂಡುವುದುಂಟು. ಕೊನೆಗೆ ನಾಲ್ಕು ಮೂಲೆಗಳಿಗೆ ತ್ರಿಕೋನಾಕಾರವಾಗಿ ಮಡಚಿದ ಅರಿವೆಯ ‘ಫೂಲ’ಗಳನ್ನು ಹೊಲಿಯಬೇಕು. ಅವಿಲ್ಲದ ಕವಂದಿ ಬತ್ತಲೆ ಎಂಬುದು ಅವರ ಮಾತು. ಹುಟ್ಟಿದ ಮೊಮ್ಮಗುವಿಗೆ ಅಜ್ಜಿ ಹೊಲಿಯುವ ಪುಟ್ಟ ಕವಂದಿಯಲ್ಲಿ ಬಣ್ಣಗಳ ಸಂಭ್ರಮವೇ ಬೇರೆ. ಮನೆಯವರು ಉಟ್ಟು ತೊಟ್ಟು ಸವೆಸಿದ ಬಟ್ಟೆಗಳೇ ಇಲ್ಲಿ ಸೇರುವುದರಿಂದ, ಹೊರಗಿನವನಿಗೆ ನೀಲಿ ಚೌಕವಾಗಿ ಕಾಣುವುದು ಮನೆಯವಳಿಗೆ ಇಂಥವರ ಅಂಗಿ.

ಹಾಗಾದರೆ ಇದರಲ್ಲಿ ಆಫ್ರಿಕಾ ಎಲ್ಲಿದೆ? ಆಫ್ರಿಕನ್ ಕಲೆಯ ವಿದ್ವಾಂಸರಾದ ಅಮೆರಿಕದ ಹೆನ್ರಿ ಡ್ರೂವಲ್ ಅವರು ಕವಂದಿಗಳನ್ನು ಅಭ್ಯಸಿಸಿ ಹೊರನಾಡಿಗೆ ಪರಿಚಯಿಸಿದರು. ಹೊಲಿಗೆಯ ಕ್ರಮ ಮಾತ್ರ ದಖ್ಖನದ್ದೆಂದೇ ನನ್ನ ಎಣಿಕೆ. ನಮ್ಮ ಕೌದಿಯೂ ಮರಾಠಿಗರ ಗೋಧಡಿಯೂ ಅದರ ದಾಯಾದಿಗಳು. ಸೂಜಿಯಲ್ಲಿ ಆಫ್ರಿಕಾವನ್ನು ಹುಡುಕಿದರೆ ನಿರಾಶೆಯಾದೀತು. ದಿಟ್ಟ ಬಣ್ಣಗಳ ಜೋಡಣೆಯಲ್ಲಿ, ನಕ್ಷೆಯಿಲ್ಲದೆ ಮುಂದುವರಿಯುವ ಧೈರ್ಯದಲ್ಲಿ ಹುಡುಕಬಹುದೇನೋ. ಅಮೆರಿಕದ ಅಲಬಾಮಾ ಪ್ರಾಂತದ ಗೀಸ್ ಬೆಂಡ್ ಎಂಬ ಹಳ್ಳಿಯ ಕರಿಯ ಮಹಿಳೆಯರ ಹೊದಿಕೆಗಳು ಜಗದ್ವಿಖ್ಯಾತವಾಗಿವೆ. ಅಲ್ಲಿ ಮಿಸ್ಸೂರಿ ಪೆಟ್ವೇ ಎಂಬಾಕೆ 1942ರಲ್ಲಿ ಮಡಿದ ಗಂಡನ ದುಡಿಮೆಯ ಬಟ್ಟೆಗಳನ್ನೇ ಕತ್ತರಿಸಿ ಹೊದಿಕೆ ಹೊಲಿದು, ಅದನ್ನು ಹೊದ್ದುಕೊಂಡಳು. ಅವಳಿಗೂ ಯಲ್ಲಾಪುರದ ಸಿದ್ದಿ ಅಜ್ಜಿಗೂ ಪರಿಚಯವಿಲ್ಲ. ಗುಲಾಮಗಿರಿಯ ದಾರಿಯಲ್ಲಿ ಊರು, ಭಾಷೆ, ಹೆಸರುಗಳನ್ನು ಕಳೆದುಕೊಂಡ ಕುಲಗಳಿಗೆ ಮೈಮೇಲಿನ ಬಟ್ಟೆಯೇ ವಂಶಾವಳಿಯಾಗುವುದು ಸಹಜವಲ್ಲವೇ? ಸೂಜಿಕಾಯಕದ ರಾಮಿತಂದೆಯನ್ನು ಶರಣರ ಸಾಲಿನಲ್ಲಿ ಕಾಣುವ ನಮಗೆ, ಸೂಜಿಯನ್ನು ಕುಂಚಕ್ಕಿಂತ ಕಿರಿದೆನ್ನಲು ಕಾರಣವಿಲ್ಲ.

2004ರಲ್ಲಿ ಸಿದ್ದಿ ಮಹಿಳೆಯರ ಕವಂದಿ ಸಹಕಾರಿ ಸಂಘವೊಂದು ರೂಪುಗೊಂಡಿತು. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಕವಂದಿಗಳ ಪ್ರದರ್ಶನವೂ ನಡೆಯಿತು. ದುಡಿದವಳ ಕೈಗೆ ನಾಲ್ಕು ಕಾಸು ಸೇರಿದ್ದು ಸಂತೋಷದ ಸಂಗತಿ. ಆದರೆ ಮಾರುವುದಕ್ಕೆಂದೇ ಹೊಲಿದ ಕವಂದಿಗೆ ಯಾರ ಮನೆಯ ಸೀರೆ? ಕೊಳ್ಳುವವನು ಬಣ್ಣಗಳನ್ನು ಒಯ್ಯುತ್ತಾನೆ. ಈ ತುಂಡು ಯಾರದೆಂದು ಹೇಳಬಲ್ಲವಳು ಊರಿನಲ್ಲಿಯೇ ಉಳಿಯುತ್ತಾಳೆ. ನಮ್ಮ ಕೌದಿಗಳ ಸ್ಥಿತಿ ಇನ್ನೊಂದು ಬಗೆಯದು: ಸಂತೆಯ ಅಗ್ಗದ ರಗ್ಗು ಬಂದ ಮೇಲೆ ಅವು ಟ್ರಂಕಿನ ತಳ ಸೇರಿವೆ, ಕೆಲವು ಎತ್ತಿನ ಬೆನ್ನಿಗೂ ಟ್ರ್ಯಾಕ್ಟರಿನ ಸೀಟಿಗೂ ಹೋಗಿವೆ, ಅವುಗಳ ಒಂದೊಂದು ಚೂರನ್ನೂ ಗುರುತಿಸಿ ಹೆಸರು ಹೇಳಬಲ್ಲ ಮುದುಕಿಯರು ಕೆಲವರು ಇನ್ನೂ ನಮ್ಮ ಓಣಿಗಳಲ್ಲಿ ಕಟ್ಟೆಯ ಮೇಲೆ ಕುಳಿತಿದ್ದಾರೆ.