ಕಲ್ಯಾಣದಿಂದ ಉಳವಿಗೆ

ಮನುಷ್ಯನು ಹುಟ್ಟಿದ ಊರನ್ನು ಬಿಡುವುದಕ್ಕೆ ಕಾರಣಗಳು ಹಲವು. ಮಳೆ ಹೋದ ವರುಷ ರೈತನು ಗುಳೆ ಹೋಗುತ್ತಾನೆ; ವ್ಯಾಪಾರಿಯು ಲಾಭವನ್ನರಸಿ ಪರಸ್ಥಳವನ್ನು ಸೇರುತ್ತಾನೆ. ಆದರೆ ತಾವು ಸತ್ಯವೆಂದು ನಂಬಿದ ನಡೆಯನ್ನು ಬಿಡಲಾರದೆ ಮನೆ ಮಾರುಗಳನ್ನೇ ಬಿಟ್ಟು ಹೊರಟವರ ಸಂಗತಿಯೇ ಬೇರೆ. ಅಂಥದೊಂದು ಪಯಣವು ಎಂಟುನೂರು ವರುಷಗಳಿಗೂ ಹಿಂದೆ ಕನ್ನಡ ನಾಡಿನಲ್ಲಿ ನಡೆಯಿತು. ಅದನ್ನು ನಮ್ಮ ವಿದ್ಯಾರ್ಥಿಗಳಿಗೂ ಪಾಲಕರಿಗೂ ಇಲ್ಲಿ ನಿವೇದಿಸಬಯಸುತ್ತೇವೆ.

ಈಗಿನ ಬೀದರ ಜಿಲ್ಲೆಯ ಬಸವಕಲ್ಯಾಣವೇ ಅಂದಿನ ಕಲ್ಯಾಣ. 12ನೆಯ ಶತಮಾನದ ಮಧ್ಯಭಾಗದಲ್ಲಿ ಚಾಲುಕ್ಯರ ಅಧಿಕಾರವನ್ನು ಕಿತ್ತುಕೊಂಡ ಕಳಚುರಿ ಬಿಜ್ಜಳನು ಅಲ್ಲಿ ಆಳುತ್ತಿದ್ದನು. ಅವನ ಭಂಡಾರಿಯಾಗಿದ್ದ ಬಸವಣ್ಣನವರ ಸುತ್ತಲೂ ಚಮ್ಮಾರ, ಅಗಸ, ಅಂಬಿಗ, ಬ್ರಾಹ್ಮಣ ಎಂಬ ಭೇದವಿಲ್ಲದೆ ಶರಣರು ನೆರೆದರು. ಸ್ತ್ರೀಯರೂ ಸಮಾನರಾಗಿ ಕುಳಿತು ಮಾತನಾಡಿದರು. ತಮ್ಮ ಅನುಭವಗಳನ್ನು ಅವರೆಲ್ಲರೂ ಆಡುಗನ್ನಡದಲ್ಲಿಯೇ ಹೇಳಿದರು. ಅವೇ ವಚನಗಳು.

ಬ್ರಾಹ್ಮಣ ಕುಲದಿಂದ ಬಂದ ಮಧುವರಸನ ಮಗಳಿಗೂ ಸಮಗಾರ ಹರಳಯ್ಯನ ಮಗನಿಗೂ ಶರಣರು ವಿವಾಹ ಮಾಡಿಸಿದರೆಂದೂ, ಅದರಿಂದ ಕೆರಳಿದ ಅರಸನು ಹರಳಯ್ಯ, ಮಧುವರಸರಿಬ್ಬರಿಗೂ ಮರಣದಂಡನೆಯನ್ನು ವಿಧಿಸಿದನೆಂದೂ ಪರಂಪರೆಯು ಹೇಳುತ್ತದೆ. 1167ರ ಸುಮಾರಿಗೆ ಬಿಜ್ಜಳನ ಆಳಿಕೆ ಕೊನೆಗೊಂಡಿತು. ಅವನ ಕೊಲೆಯಾಯಿತೆಂದೂ, ಆ ಬಳಿಕ ಸೈನಿಕರು ಶರಣರನ್ನು ಬೆನ್ನಟ್ಟಿದರೆಂದೂ ಪುರಾಣಗಳು ವರ್ಣಿಸುತ್ತವೆ. ಕಲ್ಯಾಣವು ಬರಿದಾಯಿತು.

ಬಸವಣ್ಣನವರು ಅಷ್ಟರಲ್ಲಿ ಕೂಡಲಸಂಗಮಕ್ಕೆ ತೆರಳಿದ್ದರು. ಉಳಿದ ಶರಣರಲ್ಲಿ ಒಂದು ತಂಡವು ಪಶ್ಚಿಮ ದಕ್ಷಿಣಗಳ ನಡುವಣ ದಿಕ್ಕನ್ನು ಹಿಡಿಯಿತು. ಆ ತಂಡದ ನಡುವೆ ಒಂದು ಕುಟುಂಬವಿತ್ತು: ಬಸವಣ್ಣನವರ ಅಕ್ಕ ನಾಗಮ್ಮ, ಆಕೆಯ ಮಗ ಚೆನ್ನಬಸವಣ್ಣ, ಬಸವಣ್ಣನವರ ಪತ್ನಿ ಗಂಗಾಂಬಿಕೆ. ಚೆನ್ನಬಸವಣ್ಣನು ಇನ್ನೂ ತರುಣನು. ಅವರ ಗುರಿ ಸಹ್ಯಾದ್ರಿಯ ಉಳವಿ, ಈಗಿನ ಉತ್ತರ ಕನ್ನಡ ಜಿಲ್ಲೆಯ ಕಾಡಿನೊಳಗಣ ಕ್ಷೇತ್ರ. ಕುದುರೆಯ ದಂಡು ಸುಲಭವಾಗಿ ನುಗ್ಗಲಾರದ ಆ ದಟ್ಟಡವಿಯೇ ಅವರಿಗೆ ಆಶ್ರಯವಾಗಬಲ್ಲುದಾಗಿತ್ತು. ಕಲ್ಯಾಣದಿಂದ ಉಳವಿಗೆ ನೆಟ್ಟಗೆ ಗೆರೆಯೆಳೆದು ಅಳೆದರೂ ಸುಮಾರು 400 ಕಿಲೋಮೀಟರು. ದಾರಿಯಲ್ಲಿ ಭೀಮೆ, ಕೃಷ್ಣೆಯರನ್ನು ದಾಟಬೇಕು.

ಇಂಥ ಹೊತ್ತಿನಲ್ಲಿ ಮನುಷ್ಯನು ಏನನ್ನು ಹೊತ್ತುಕೊಳ್ಳುತ್ತಾನೆ? ಶರಣರು ವಚನಗಳ ಓಲೆಗರಿಗಳ ಕಟ್ಟುಗಳನ್ನು ಹೊತ್ತರೆಂದು ಜನರು ಇಂದಿಗೂ ನೆನೆಯುತ್ತಾರೆ. ತಾಳೆಯ ಗರಿಯ ಮೇಲೆ ಕಬ್ಬಿಣದ ಕಂಠದಿಂದ ಕೊರೆದು, ಕಾಡಿಗೆ ತುಂಬಿ, ದಾರ ಪೋಣಿಸಿ, ಹಲಗೆಗಳ ನಡುವೆ ಕಟ್ಟಿಡುವ ಪುಸ್ತಕ ಅದು. ನೀರು ಬಿದ್ದರೆ ಕೊಳೆಯುವುದು, ಗೆದ್ದಲು ಹತ್ತಿದರೆ ಮಣ್ಣಾಗುವುದು. ಅದನ್ನು ಕಾಪಾಡುವುದು ಹಸುಗೂಸನ್ನು ಕಾಪಾಡಿದಂತೆಯೇ ಸರಿ.

ಈ ಪಯಣದ ಗುರುತುಗಳು ನಮ್ಮ ನೆರೆಯ ಬೆಳಗಾವಿ ಜಿಲ್ಲೆಯಲ್ಲಿಯೂ ಇವೆ. ಖಾನಾಪುರ ತಾಲೂಕಿನ ಕಕ್ಕೇರಿಯು ಡೋಹರ ಕಕ್ಕಯ್ಯನು ಶರಣರ ರಕ್ಷಣೆಗಾಗಿ ಹೋರಾಡಿ ದೇಹವಿಟ್ಟ ಸ್ಥಳವೆಂದು ಹೇಳುತ್ತಾರೆ. ಮಲಪ್ರಭೆಯ ದಡದ ಮುಗಟಖಾನ ಹುಬ್ಬಳ್ಳಿಯಲ್ಲಿ, ಹೊಳೆಯ ಪಾತ್ರದಲ್ಲಿಯೇ ಗಂಗಾಂಬಿಕೆಯ ಐಕ್ಯಸ್ಥಳವಿದೆ. ಉಳವಿಯಲ್ಲಿ ಚೆನ್ನಬಸವಣ್ಣನ ಸಮಾಧಿಯೂ ಅಕ್ಕ ನಾಗಮ್ಮನ ಹೆಸರಿನ ಗವಿಯೂ ಇವೆ. ಮಗನನ್ನು ಅಲ್ಲಿ ಕಳೆದುಕೊಂಡ ಆ ತಾಯಿಯು ಉಳಿದವರನ್ನು ಕರೆದುಕೊಂಡು ಮತ್ತೂ ನಡೆದಳು. ತರೀಕೆರೆಯ ಹತ್ತಿರದ ಎಣ್ಣೆಹೊಳೆಯಲ್ಲಿ ಆಕೆಯ ಸಮಾಧಿಯನ್ನು ತೋರಿಸುತ್ತಾರೆ.

ಇಂಥ ಪಯಣಗಳು ಬೇರೆ ದೇಶಗಳಲ್ಲಿಯೂ ನಡೆದಿವೆ. ಅಮೇರಿಕೆಯಲ್ಲಿ ಮೋರ್ಮನ್ನರೆಂಬ ಹೊಸ ಪಂಥದವರ ಮುಖಂಡ ಜೋಸೆಫ ಸ್ಮಿಥನನ್ನು 1844ರಲ್ಲಿ ಉದ್ರಿಕ್ತ ಗುಂಪೊಂದು ಸೆರೆಮನೆಯಲ್ಲಿಯೇ ಕೊಂದಿತು. 1846ರ ಚಳಿಗಾಲದಲ್ಲಿ ಅವನ ಅನುಯಾಯಿಗಳು ಮಿಸಿಸಿಪ್ಪಿ ನದಿಯನ್ನು ದಾಟಿ, ಮಕ್ಕಳು ಮರಿಗಳೊಡನೆ ಎತ್ತಿನ ಬಂಡಿಗಳಲ್ಲಿ ಪಶ್ಚಿಮಕ್ಕೆ ಹೊರಟರು. ಮೊದಲ ತಂಡವು 1847ರ ಜುಲೈಯಲ್ಲಿ ಸಾಲ್ಟ್ ಲೇಕ್ ಕಣಿವೆಯನ್ನು ಮುಟ್ಟಿತು. ಬಂಡಿ ಕೊಳ್ಳಲಾರದ ಬಡವರು 1856ರಿಂದ ಕೈಗಾಡಿಗಳನ್ನು ಎಳೆದುಕೊಂಡೇ ನಡೆದರು. ಆ ವರುಷ ಹಿಮಕ್ಕೆ ಸಿಕ್ಕಿ 200ಕ್ಕೂ ಹೆಚ್ಚು ಜನರು ಸತ್ತರು. ಆದರೆ ಅವರು ಸೇರಿದ ನೆಲವು ಬರಿದಾಗಿರಲಿಲ್ಲ. ಅಲ್ಲಿ ಮೊದಲಿನಿಂದಲೂ ಬಾಳಿದ್ದ ಯೂಟ್, ಶೋಶೋನಿ ಜನಗಳು ಹಿಂದೆ ಸರಿಯಬೇಕಾಯಿತು. ನೊಂದು ಬಂದವರಿಂದಲೂ ಇತರರು ನೊಂದಾರೆಂಬ ಎಚ್ಚರವು ನಮಗೆ ಇರತಕ್ಕದ್ದು.

ಮೋರ್ಮನ್ನರು ಸೇರಿದಲ್ಲಿ ಪಟ್ಟಣವನ್ನು ಕಟ್ಟಿದರು. ಉಳವಿಗೆ ಹೋದವರು ಪಟ್ಟಣವನ್ನೂ ಕಟ್ಟಲಿಲ್ಲ, ರಾಜ್ಯವನ್ನೂ ಸ್ಥಾಪಿಸಲಿಲ್ಲ. ಅವರು ಉಳಿಸಿದ್ದು ಮಾತನ್ನು. ಓಲೆಗರಿಯು ಹಳೆಯದಾದಂತೆಲ್ಲ ಮನೆಗಳಲ್ಲಿಯೂ ಮಠಗಳಲ್ಲಿಯೂ ಯಾರೋ ಒಬ್ಬರು ಕುಳಿತು ಮತ್ತೆ ಪ್ರತಿ ಮಾಡಿದರು. ಅವರಲ್ಲಿ ಹೆಚ್ಚಿನವರ ಹೆಸರು ನಮಗೆ ತಿಳಿಯದು. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮನೆ ಅಲೆದು ಆ ಕಟ್ಟುಗಳನ್ನು ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರ ಸಾರ’ದ ಮೊದಲ ಭಾಗವನ್ನು ಅಚ್ಚು ಮಾಡಿಸಿದರು. ಒಂದು ತಲೆಮಾರು ಸೋಮಾರಿಯಾಗಿದ್ದರೆ ಅವರಿಗೆ ಸಿಕ್ಕುತ್ತಿದ್ದುದು ಗೆದ್ದಲಿನ ಹುಡಿಯಷ್ಟೇ.

ಗಡಹಿಂಗ್ಲಜದ ಕನ್ನಡಿಗರಾದ ನಾವು ಎಲ್ಲಿಗೂ ಹೊರಟವರಲ್ಲ. ಹಿರಣ್ಯಕೇಶಿಯ ದಡದಲ್ಲಿಯೇ ಇದ್ದೇವೆ. ಕೊಲ್ಹಾಪುರ ಸಂಸ್ಥಾನವು 1949ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು; 1960ರಲ್ಲಿ ಮಹಾರಾಷ್ಟ್ರವಾಯಿತು. ಮರಾಠಿಯು ನಮಗೆ ನೆರೆಮನೆಯ ಅಕ್ಕನಿದ್ದಂತೆ. ಅದನ್ನು ಮಕ್ಕಳು ಚೆನ್ನಾಗಿ ಕಲಿಯಲಿ. ಇಂಗ್ಲೀಷೂ ಬೇಕು. ಆದರೆ ‘ಕನ್ನಡ ಕಲಿತು ಮಾಡುವುದೇನು?’ ಎಂಬ ಮಾತು ನಮ್ಮ ಮನೆಗಳಲ್ಲಿಯೇ ಕೇಳಿಬರುತ್ತಿದೆ. ಯಾರೂ ಬೆನ್ನಟ್ಟದಿದ್ದರೂ ಕೈಯಲ್ಲಿದ್ದ ಕಟ್ಟನ್ನು ನಾವೇ ಕೆಳಗಿಟ್ಟು ಹೋಗುವುದು ಉಚಿತವೇ ಎಂಬುದನ್ನು ಪಾಲಕರು ಯೋಚಿಸಬೇಕು.

ಭಾರತ ಹುಣ್ಣಿಮೆಗೆ ಉಳವಿಯಲ್ಲಿ ಜಾತ್ರೆ ನೆರೆಯುತ್ತದೆ. ಬೆಳಗಾವಿ, ಧಾರವಾಡ ಸೀಮೆಯ ರೈತರು ಇಂದಿಗೂ ಚಕ್ಕಡಿ ಹೂಡಿಕೊಂಡು ಹೆಂಡಿರು ಮಕ್ಕಳೊಡನೆ ಆ ಕಾಡಿನ ದಾರಿಯನ್ನು ಹಿಡಿಯುತ್ತಾರೆ. ವಿದ್ಯಾರ್ಥಿಗಳೇ, ಒಮ್ಮೆ ಹಿರಿಯರೊಡನೆ ಹೋಗಿ ನೋಡಿರಿ. ಹೋಗಲಾಗದಿದ್ದರೆ ಮನೆಯಲ್ಲಿಯೇ ಅಜ್ಜಿಯ ಬಳಿ ಕುಳಿತು ಒಂದು ವಚನವನ್ನು ಕೇಳಿ ಬಾಯಿಪಾಠ ಮಾಡಿರಿ. ಅಕ್ಕ ನಾಗಮ್ಮನು ಹೊತ್ತು ನಡೆದ ಹೊರೆಯಲ್ಲಿ ಅಷ್ಟು ಪಾಲು ನಿಮ್ಮದಾದೀತು.