ಒಂದೇ ತೊಟ್ಟಿಯಲ್ಲಿ ಬಸವನಹುಳುವೂ ಕ್ರೇಫಿಶ್ಶೂ

ಊರಿನಲ್ಲಿ ದನಕರು, ನಾಯಿ, ಗಿಳಿಗಳ ನಡುವೆ ಬೆಳೆದವರು ಮುಂಬಯಿಯ ಒಂಟಿ ಕೋಣೆಗೆ ಬಂದ ಮೇಲೆ ಸಾಕುವ ಆಸೆಯನ್ನು ಗಾಜಿನ ತೊಟ್ಟಿಯೊಂದರಲ್ಲಿ ತೀರಿಸಿಕೊಳ್ಳುವುದುಂಟು. ಮೀನಿನ ಅಂಗಡಿಗಳಲ್ಲಿ ಈಗ ಕ್ರೇಫಿಶ್ ಎಂಬ ಪ್ರಾಣಿಯೂ ದೊರೆಯುತ್ತದೆ. ಸಿಗಡಿಯ ಮೈ, ಏಡಿಯ ಇಕ್ಕುಳ, ವಾಸ ಸಿಹಿನೀರಿನಲ್ಲಿ. ನಾನೂ ಒಂದನ್ನು ತಂದೆ. ಗಾಜಿನ ಪಾಚಿ ತಿನ್ನಲು ಆರು ಬಸವನಹುಳುಗಳನ್ನೂ ಒಯ್ಯಿರಿ, ಜೊತೆಯಾಗಿ ಸುಖವಾಗಿರುತ್ತವೆ ಎಂದ ಅಂಗಡಿಯವನು. ನಾಲ್ಕನೆಯ ದಿನ ಕಛೇರಿಯಿಂದ ಬಂದು ನೋಡುತ್ತೇನೆ, ಚಿಪ್ಪುಗಳು ಆರಿವೆ, ಹುಳು ಒಂದೇ ಇದೆ!

ಕ್ರೇಫಿಶ್ಶಿಗೆ ಅದು ಸಹಜ ಆಹಾರ. ಚಿಪ್ಪನ್ನು ಕಾಲುಗಳಲ್ಲಿ ತಿರುಗಿಸಿ ಹಿಡಿದು, ಬಾಯಂಚನ್ನು ಚೂರುಚೂರಾಗಿ ಮುರಿಯುತ್ತ ಒಳಗಿನ ಮಾಂಸದವರೆಗೆ ಹೋಗುತ್ತದೆ. ಬಸವನಹುಳುಗಳ ಮೂಲಕ ಹರಡುವ ಒಂದು ರೋಗವನ್ನು ತಗ್ಗಿಸಲು ಕೀನ್ಯಾದಲ್ಲಿ ಕೊಳಗಳಿಗೆ ಇದೇ ಕ್ರೇಫಿಶ್ ಬಿಟ್ಟು ಪರೀಕ್ಷಿಸಿದ್ದರು. ಫಲಿತಾಂಶ 1999ರಲ್ಲಿ ಪ್ರಕಟವಾಯಿತು. ಹೊಟ್ಟೆ ತುಂಬಿದ್ದರೆ ಹಾವಳಿ ಕಡಿಮೆ, ಆದರೆ ನಿಲ್ಲುವುದಿಲ್ಲ.

ವಿಚಿತ್ರವೆಂದರೆ ಇಬ್ಬರಿಗೂ ಬೇಕಾದ ನೀರು ಒಂದೇ. ಚಿಪ್ಪಿಗೂ ಕವಚಕ್ಕೂ ಸುಣ್ಣದಂಶ ಬೇಕು. ನೀರು ತೀರ ಮೆದುವಾದರೆ ಬಸವನಹುಳುವಿನ ಚಿಪ್ಪು ಬೆಳ್ಳಗೆ ಸವೆಯುತ್ತದೆ. ಗ್ರಂಧಿಗೆ ಅಂಗಡಿಯ ಸಮುದ್ರಫೇನದ ತುಂಡನ್ನೋ, ಕುದಿಸಿ ತೊಳೆದ ಕೋಳಿಮೊಟ್ಟೆಯ ಓಡನ್ನೋ ತೊಟ್ಟಿಯಲ್ಲಿಟ್ಟರೆ ಸಾಕು. ಎಲೆಅಡಿಕೆಯ ಸುಣ್ಣ ಮಾತ್ರ ಹಾಕಬಾರದು, ನೀರು ಒಮ್ಮೆಗೇ ಕ್ಷಾರವಾಗಿ ಎಲ್ಲವೂ ಸಾಯುತ್ತವೆ. ತಾಮ್ರ ಇಬ್ಬರಿಗೂ ವಿಷ. ತಾಮ್ರದ ಬಿಂದಿಗೆಯಲ್ಲಿಟ್ಟ ನೀರು ಬೇಡ. ತಾಮ್ರ ಬೆರೆತ ಮೀನಿನ ಔಷಧಿಯೂ ಬೇಡ.

ಇನ್ನೊಂದು ಮಾತು. ಒಂದು ಬೆಳಿಗ್ಗೆ ತೊಟ್ಟಿಯ ತಳದಲ್ಲಿ ಕ್ರೇಫಿಶ್ ಸತ್ತು ಬಿದ್ದಂತೆ ಕಾಣುತ್ತದೆ. ಎತ್ತಿ ಎಸೆಯುವ ಮುನ್ನ ನೋಡಿರಿ: ಬೆನ್ನು ಬಿರಿದು ಒಳಗೆ ಟೊಳ್ಳಾಗಿದ್ದರೆ ಅದು ಕಳಚಿದ ಪೊರೆ. ಪ್ರಾಣಿ ಮೆತ್ತನೆಯ ಮೈಯಲ್ಲಿ ಕಲ್ಲಿನ ಸಂದಿನಲ್ಲಿ ಅಡಗಿರುತ್ತದೆ. ಪೊರೆ ಕಳಚುವ ಮೊದಲು ಅದು ಹೊಟ್ಟೆಯಲ್ಲಿ ಎರಡು ಬಿಳಿ ಹರಳುಗಳಾಗಿ ಸುಣ್ಣವನ್ನು ಕೂಡಿಟ್ಟಿರುತ್ತದೆ. ಆಮೇಲೆ ಹಳೆಯ ಪೊರೆಯನ್ನೂ ತಿಂದು ಹೊಸ ಕವಚ ಗಟ್ಟಿಮಾಡಿಕೊಳ್ಳುತ್ತದೆ. ಆದ್ದರಿಂದ ಪೊರೆಯನ್ನು ತೆಗೆಯಬಾರದು. ಆ ದಿನಗಳಲ್ಲಿ ಬಸವನಹುಳುವಿನಿಂದ ಅದಕ್ಕೆ ಭಯವಿಲ್ಲ, ಇನ್ನೊಂದು ಕ್ರೇಫಿಶ್ಶಿನಿಂದ ಉಂಟು. ತೊಟ್ಟಿಗೆ ಒಂದೇ ಸಾಕು.

ಹಾಗಾದರೆ ಜೊತೆಯಾಗಿ ಇಡುವುದು ಹೇಗೆ? ಅಂದವಾದ ದೊಡ್ಡ ಬಸವನಹುಳು ಬೇಕೆಂದರೆ ತೊಟ್ಟಿಯ ನಡುವೆ ರಂಧ್ರಗಳಿರುವ ಅಡ್ಡಹಲಗೆ ನಿಲ್ಲಿಸಿ ಬೇರೆ ಬೇರೆ ಇಡುವುದೇ ಉತ್ತಮ. ಇಲ್ಲವೇ ಬೇಗ ಮರಿಹಾಕುವ ಸಣ್ಣ ಜಾತಿಯವು ಸಾಕು. ಹಗಲು ಮರಳಿನಲ್ಲಿ ಹುದುಗಿದ್ದು ರಾತ್ರಿ ಮೇಲೆ ಬರುವ ಶಂಕುವಿನಂಥ ಜಾತಿಯೊಂದುಂಟು. ಚಿಪ್ಪು ಗಟ್ಟಿ, ಸಂತಾನ ಬಹಳ. ಕೆಲವು ಆಹುತಿಯಾದರೂ ಉಳಿದವು ಸಾಗುತ್ತವೆ. ಮೇಲಿನ ಮುಚ್ಚಳ ಭದ್ರವಾಗಿರಲಿ. ನಮ್ಮದು ಗಾಳಿಕೊಳವೆ ಹಿಡಿದು ಹತ್ತಿ ರಾತ್ರಿ ಪಕ್ಕದವರ ಬಾಗಿಲವರೆಗೆ ಹೋಗಿತ್ತು. ಅವರ ಕೂಗಿಗೆ ಮಹಡಿಯೇ ಎದ್ದಿತು.

ಬೇಸರವಾಯಿತೆಂದು ಕೆರೆಗೆ ಬಿಡುವ ಯೋಚನೆ ಮಾತ್ರ ಬೇಡವೇ ಬೇಡ. ಭಾರತದಲ್ಲಿ ಸ್ವಂತ ಕ್ರೇಫಿಶ್ ಜಾತಿ ಇಲ್ಲ. ಅಮೆರಿಕದ ಕೆಂಪು ಕ್ರೇಫಿಶ್ಶನ್ನು 1970ರಲ್ಲಿ ಕೀನ್ಯಾದ ನೈವಾಶಾ ಸರೋವರಕ್ಕೆ ಬಿಟ್ಟರು. ಅಲ್ಲಿನ ನೀರಸಸ್ಯಗಳಿಗೆ ಬಹಳ ಹಾನಿಯಾಯಿತು. 1990ರ ದಶಕದಲ್ಲಿ ಜರ್ಮನಿಯ ತೊಟ್ಟಿಗಳಲ್ಲಿ ಕಂಡುಬಂದ ಅಮೃತಶಿಲೆಯ ಚಿತ್ತಾರದ ಜಾತಿಯಲ್ಲಿ ಎಲ್ಲವೂ ಹೆಣ್ಣು, ಗಂಡಿಲ್ಲದೆಯೇ ಸಂತಾನ. ಒಂದನ್ನು ಬಿಟ್ಟರೂ ಸಾವಿರ ಬಿಟ್ಟಂತೆ. ದಕ್ಷಿಣ ಅಮೆರಿಕದ ದೊಡ್ಡ ಬಸವನಹುಳುಗಳು ಅನೇಕ ದೇಶಗಳಲ್ಲಿ ಭತ್ತದ ಎಳೆಯ ಪೈರನ್ನು ತಿಂದುಹಾಕಿವೆ. ಸಾಕಲಾಗದಿದ್ದರೆ ಸಾಕುವ ಸ್ನೇಹಿತರಿಗೆ ಕೊಡಿ, ಇಲ್ಲವೇ ಅಂಗಡಿಗೆ ಹಿಂದಿರುಗಿಸಿ.

ರಜೆಯಲ್ಲಿ ಊರಿಗೆ ಹೊರಡುವವರು ತೊಟ್ಟಿಯ ಚಿಂತೆ ಬಹಳ ಮಾಡಬೇಕಾಗಿಲ್ಲ. ಒಂದು ವಾರದ ಉಪವಾಸ ಬೆಳೆದ ಕ್ರೇಫಿಶ್ಶಿಗೆ ಕಷ್ಟವಲ್ಲ. ಅಡ್ಡಹಲಗೆ ಇಲ್ಲದಿದ್ದರೆ ಅದು ಉಪವಾಸವನ್ನೂ ಮಾಡುವುದಿಲ್ಲ. ಹೊರಡುವ ಮುನ್ನ ಬಸವನಹುಳುಗಳನ್ನು ಎಣಿಸಿಟ್ಟುಕೊಳ್ಳಿ.